ಯಾರ ಕಾಗದ, ಯಾರ ಕಪಾಟು? ಕಪ್ಪು ಜನರ ಇತಿಹಾಸ ಕಾಯುವ ಸಮುದಾಯ ಆರ್ಕೈವ್‌ಗಳು

2010ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಹಳೆಯ ಚೀಟಿಗಳ ದೊಡ್ಡ ರಾಶಿಯೊಂದನ್ನು ನಾಶ ಮಾಡಿತು. ಅವು ಲ್ಯಾಂಡಿಂಗ್ ಕಾರ್ಡ್‌ಗಳು. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್‌ನಂಥ ಕೆರಿಬಿಯನ್ ದ್ವೀಪಗಳಿಂದ 1950, 60ರ ದಶಕಗಳಲ್ಲಿ ಬಂದಿಳಿದವರ ಹೆಸರು ಮತ್ತು ಬಂದ ತಾರೀಖು ಅವುಗಳಲ್ಲಿತ್ತು. ಇಷ್ಟು ವರ್ಷ ಕಳೆದ ಮೇಲೆ ಇವುಗಳಿಂದ ಯಾರಿಗೇನು ಉಪಯೋಗ ಅಂತ ಆಗ ಅನ್ನಿಸಿರಬೇಕು.

ಉಪಯೋಗ ಏನೆಂದು ಎಂಟೇ ವರ್ಷದಲ್ಲಿ ಗೊತ್ತಾಯಿತು. ಬ್ರಿಟನ್ನಿನ ಕಾನೂನಿನ ಪ್ರಕಾರ 1973ರ ಜನವರಿ 1ಕ್ಕೆ ಮೊದಲೇ ಬಂದು ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಜನರಿಗೆ ಅಲ್ಲೇ ಇರುವ ಹಕ್ಕಿತ್ತು. ಆದರೆ ಹಕ್ಕು ಕೊಟ್ಟ ಸರ್ಕಾರ ಎಷ್ಟೋ ಜನರಿಗೆ ಅದಕ್ಕೊಂದು ಕಾಗದ ಕೊಟ್ಟಿರಲಿಲ್ಲ. ಅಪ್ಪ ಅಮ್ಮನ ಕೈ ಹಿಡಿದು ಮಕ್ಕಳಾಗಿ ಬಂದವರು ಅಲ್ಲೇ ಓದಿದರು, ದುಡಿದರು, ತೆರಿಗೆ ಕಟ್ಟಿದರು, ಮುದುಕರಾದರು. 2012ರ ನಂತರ ನಿಯಮಗಳು ಬಿಗಿಯಾದವು. ಕೆಲಸ ಕೊಡುವವರು, ಬಾಡಿಗೆಗೆ ಮನೆ ಕೊಡುವವರು, ಆಸ್ಪತ್ರೆಯವರು, ಬ್ಯಾಂಕಿನವರು ಎಲ್ಲರೂ ಕಾಗದ ಕೇಳತೊಡಗಿದರು. ಇಲ್ಲಿ ಇದ್ದ ಪ್ರತಿ ವರ್ಷಕ್ಕೂ ದಾಖಲೆ ತನ್ನಿ ಅಂದರು. ನಲವತ್ತು ವರ್ಷದ ಹಿಂದಿನ ಸಂಬಳದ ಚೀಟಿಯನ್ನು ಯಾರು ಇಟ್ಟುಕೊಂಡಿರುತ್ತಾರೆ ಹೇಳಿ? ಕೆಲಸ ಹೋಯಿತು, ಮನೆ ಹೋಯಿತು, ಚಿಕಿತ್ಸೆ ನಿಂತಿತು. ಕನಿಷ್ಠ 83 ಜನರನ್ನು ತಪ್ಪಾಗಿ ದೇಶದಿಂದಲೇ ಹೊರಗೆ ಕಳಿಸಲಾಗಿತ್ತು. 2018ರಲ್ಲಿ ಬಯಲಿಗೆ ಬಂದ ಇದನ್ನೇ ವಿಂಡ್‌ರಶ್ ಹಗರಣ ಅನ್ನುತ್ತಾರೆ.

ಆ ದಿನಗಳಲ್ಲಿ ಕಂಗಾಲಾದವರಿಗೆ ಬಿಟ್ಟಿಯಾಗಿ ಕಾನೂನು ಸಲಹೆ ಸಿಗುತ್ತಿದ್ದ ಒಂದು ಜಾಗ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿತ್ತು. ಅದು ಕೋರ್ಟಲ್ಲ, ವಕೀಲರ ಆಫೀಸೂ ಅಲ್ಲ. ಹಳೆಯ ಪತ್ರ, ಫೋಟೊ, ಕರಪತ್ರಗಳನ್ನು ಜೋಪಾನ ಮಾಡುವ 'ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್'. ಇಂಥ ಜಾಗಗಳು ಹೇಗೆ ಹುಟ್ಟಿದವು, ಒಳಗೆ ಏನು ಕೆಲಸ ನಡೆಯುತ್ತದೆ, ಜನ ಅದಕ್ಕಾಗಿ ಯಾಕೆ ಇಷ್ಟು ಒದ್ದಾಡುತ್ತಾರೆ ಅನ್ನುವುದನ್ನು ಮೊದಲಿನಿಂದ ನೋಡೋಣ.

ಆರ್ಕೈವ್ ಅಂದರೆ ಏನು?

ಹಳೇ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಟ್ರಂಕು ಇರುತ್ತದೆ ಅಲ್ವಾ? ಅದರಲ್ಲಿ ಅಜ್ಜನ ಮದುವೆಯ ಕರೆಯೋಲೆ, ಮನೆಪತ್ರ, ಯಾರೋ ಬರೆದ ಇನ್‌ಲ್ಯಾಂಡ್ ಲೆಟರು, ಅಂಚು ಹಳದಿಯಾದ ಒಂದು ಗ್ರೂಪ್ ಫೋಟೊ. ಒಂದು ಕುಟುಂಬದ ಬದಲು ಒಂದು ಊರಿಗೋ ಜನಾಂಗಕ್ಕೋ ದೇಶಕ್ಕೋ ಇರುವ ಟ್ರಂಕನ್ನು ಆರ್ಕೈವ್ ಅನ್ನಬಹುದು. ನಮ್ಮ ಸರ್ಕಾರಿ ಭಾಷೆಯಲ್ಲಿ ಅದು ಪತ್ರಾಗಾರ.

ಲೈಬ್ರರಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಲೈಬ್ರರಿಯ ಪುಸ್ತಕ ಕಳೆದುಹೋದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಆರ್ಕೈವ್‌ನಲ್ಲಿರುವ ಪತ್ರ ಸಾಮಾನ್ಯವಾಗಿ ಒಂದೇ ಒಂದು. ಅದು ಹೋದರೆ ಹೋಯಿತು.

ಇಂಥ ಟ್ರಂಕಿಗೆ ಏನು ಹಾಕಬೇಕು ಅಂತ ತೀರ್ಮಾನಿಸುವವರು ಯಾರು? ಸರ್ಕಾರಗಳು ತಮಗೆ ಬೇಕಾದ್ದನ್ನು ಬರೆದಿಡುತ್ತವೆ: ಕಂದಾಯ, ಜಮೀನು, ಜನಗಣತಿ, ಪೊಲೀಸ್ ಕೇಸು. ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಿಮ್ಮ ಅಜ್ಜನ ಪಹಣಿ ಸಿಗಬಹುದು. ಅಜ್ಜಿ ಹಾಡುತ್ತಿದ್ದ ಸೋಬಾನೆ ಹಾಡು ಸಿಗುವುದಿಲ್ಲ. ಅಧಿಕಾರದಿಂದ ದೂರ ಇದ್ದ ಜನರ ಮಟ್ಟಿಗೆ ಈ ಕೊರತೆ ಇನ್ನೂ ದೊಡ್ಡದು. ಅವರ ಬಗ್ಗೆ ಬರೆದದ್ದು ಬೇಕಾದಷ್ಟು ಇರುತ್ತದೆ, ಅವರೇ ಬರೆದದ್ದು, ಹೇಳಿದ್ದು ಇರುವುದಿಲ್ಲ. ಆದ್ದರಿಂದ ಆ ಜನ ತಾವೇ ಕೂಡಿಸಿ, ತಾವೇ ನೋಡಿಕೊಳ್ಳುವ ಸಂಗ್ರಹ ಬೇಕಾಯಿತು. ಅದನ್ನೇ ಸಮುದಾಯ ಆರ್ಕೈವ್ ಅನ್ನುವುದು.

ಇನ್ನೊಂದು ಪದ ಡಯಾಸ್ಪೊರಾ. ಮೂಲ ನೆಲ ಬಿಟ್ಟು ಬೇರೆ ಬೇರೆ ದೇಶಗಳಿಗೆ ಚದುರಿಹೋದ ಜನ ಎಂದು ಅರ್ಥ. ಆಫ್ರಿಕಾದ ವಿಷಯದಲ್ಲಿ ಬಿಟ್ಟು ಹೋದರು ಅನ್ನುವ ಮಾತು ಹೆಚ್ಚಿನವರಿಗೆ ಹೊಂದುವುದಿಲ್ಲ. ಸುಮಾರು ಮೂರೂವರೆ ಶತಮಾನದಲ್ಲಿ ಅಂದಾಜು 1 ಕೋಟಿ 25 ಲಕ್ಷ ಜನರನ್ನು ಗುಲಾಮರನ್ನಾಗಿ ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ತುಂಬಲಾಯಿತು. ಜೀವಂತವಾಗಿ ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಬ್ರೆಜಿಲ್, ಕೆರಿಬಿಯನ್ ದ್ವೀಪಗಳು ಮತ್ತು ಅಮೆರಿಕದ ಕಪ್ಪು ಜನರಲ್ಲಿ ಬಹುಪಾಲು ಇವರ ಸಂತತಿ.

ಎಣಿಸಿದರು, ಹೆಸರು ಬರೆಯಲಿಲ್ಲ

ಅಮೆರಿಕದಲ್ಲಿ ವಂಶದ ಮೂಲ ಹುಡುಕುವ ಕಪ್ಪು ಜನರ ನಡುವೆ '1870ರ ಗೋಡೆ' ಎಂಬ ಮಾತಿದೆ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆಂದು ಬೇರೆ ಪಟ್ಟಿ ಇತ್ತು. ಅದರಲ್ಲಿ ಮಾಲೀಕನ ಹೆಸರು ಪೂರ್ತಿ ಇರುತ್ತದೆ. ಅವನ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರು ಮಾತ್ರ ಇಲ್ಲ. ದನಕರುಗಳ ಲೆಕ್ಕ ಬರೆದ ಹಾಗೆ. ಗುಲಾಮಗಿರಿ ಹೋದ ನಂತರ 1870ರಲ್ಲಿ ನಡೆದ ಗಣತಿಯಲ್ಲಿ ಮೊದಲ ಸಲ ಈ ಜನರೆಲ್ಲರ ಹೆಸರು ಬಂತು. ಅಲ್ಲಿಯವರೆಗೆ ಹಿಂದೆ ಹೋಗಬಹುದು, ಅದರಾಚೆ ಗೋಡೆ.

ಆ ಗೋಡೆಯಲ್ಲಿ ಕಿಂಡಿ ಕೊರೆದದ್ದು ಸಣ್ಣ ಕಾಗದಗಳು. ಬಿಡುಗಡೆಯಾದವರು ಪತ್ರಿಕೆಗಳಲ್ಲಿ ಪುಟ್ಟ ಜಾಹೀರಾತು ಕೊಡುತ್ತಿದ್ದರು. ನನ್ನ ತಾಯಿಯನ್ನು ಇಂಥ ವರ್ಷ ಇಂಥವರಿಗೆ ಮಾರಿದರು, ಅವಳು ಎಲ್ಲಿದ್ದಾಳೆ ಅಂತ ಗೊತ್ತಿದ್ದರೆ ತಿಳಿಸಿ ಎಂಬ ಧಾಟಿಯವು. ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಇವನ್ನು ಓದಿಸುತ್ತಿದ್ದರು. ಫಿಲಡೆಲ್ಫಿಯಾದ ಮದರ್ ಬೆಥೆಲ್ ಎಂಬ ಹಳೆಯ ಕಪ್ಪು ಜನರ ಚರ್ಚು ಮತ್ತು ವಿಲನೋವಾ ವಿಶ್ವವಿದ್ಯಾಲಯ ಸೇರಿ ಈ ಜಾಹೀರಾತುಗಳನ್ನು ಎಲ್ಲರೂ ನೋಡುವಂತೆ ಅಂತರ್ಜಾಲಕ್ಕೆ ಹಾಕಿವೆ. ಬಿಡುಗಡೆಯಾದ ಗುಲಾಮರಿಗೆ ನೆರವಾಗಲು 1865ರಲ್ಲಿ ಶುರುವಾದ ಸರ್ಕಾರಿ ಕಚೇರಿಯ ಕಡತಗಳನ್ನೂ ಸಾವಿರಾರು ಸ್ವಯಂಸೇವಕರು ಕೂತು ಓದಿದರು. ಅವುಗಳಿಂದ 2016ರ ಹೊತ್ತಿಗೆ ಸುಮಾರು 18 ಲಕ್ಷ ಜನರ ಹೆಸರು ಹೆಕ್ಕಿ ತೆಗೆದರು.

ಹಾರ್ಲೆಮ್‌ನ ಸಂಗ್ರಾಹಕ

ಅರ್ಟುರೊ ಶೊಂಬರ್ಗ್ 1874ರಲ್ಲಿ ಪೋರ್ಟೊರಿಕೊದಲ್ಲಿ ಹುಟ್ಟಿದವರು. ಕಪ್ಪು ಜನರಿಗೆ ಇತಿಹಾಸವೇ ಇಲ್ಲ, ಹೇಳಿಕೊಳ್ಳುವಂಥ ಸಾಧಕರೂ ಇಲ್ಲ ಎಂದು ಚಿಕ್ಕಂದಿನಲ್ಲಿ ಟೀಚರೊಬ್ಬರು ಅವರಿಗೆ ಹೇಳಿದ್ದರಂತೆ. ದೊಡ್ಡವರಾದ ಮೇಲೆ ನ್ಯೂಯಾರ್ಕಿಗೆ ಬಂದರು, ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ಕೆಲಸ ಮಾಡಿದರು. ಸಂಬಳದ ದುಡ್ಡಿನಲ್ಲಿ ಕಪ್ಪು ಜನರು ಬರೆದ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಹುಡುಕಿ ಹುಡುಕಿ ಕೊಂಡರು. ಅವರ ಬ್ರೂಕ್ಲಿನ್ ಮನೆ ಇವುಗಳಿಂದಲೇ ತುಂಬಿಹೋಯಿತು.

1926ರಲ್ಲಿ ಕಾರ್ನೆಗಿ ಕಾರ್ಪೊರೇಶನ್ 10 ಸಾವಿರ ಡಾಲರ್ ಕೊಟ್ಟು ಈ ಸಂಗ್ರಹವನ್ನು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗಾಗಿ ಕೊಂಡಿತು. ಅದು ಸೇರಿದ್ದು ಹಾರ್ಲೆಮ್‌ನ 135ನೇ ಬೀದಿಯ ಶಾಖೆಗೆ, ಅಂದರೆ ಆಗ ಕಪ್ಪು ಜನರೇ ಹೆಚ್ಚಾಗಿ ವಾಸಿಸುತ್ತಿದ್ದ ಕೇರಿಗೆ. ಶೊಂಬರ್ಗ್ ಆ ದುಡ್ಡನ್ನು ಇನ್ನಷ್ಟು ಪುಸ್ತಕ ಹುಡುಕಲು ಯುರೋಪ್ ಸುತ್ತುವುದಕ್ಕೆ ಖರ್ಚು ಮಾಡಿದರು. ಸ್ಪೇನ್, ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಎಲ್ಲ ಕಡೆ ಹೋದರು. 1932ರಿಂದ 1938ರಲ್ಲಿ ತೀರಿಕೊಳ್ಳುವವರೆಗೆ ತಮ್ಮದೇ ಸಂಗ್ರಹವನ್ನು ನೋಡಿಕೊಳ್ಳುವ ಕ್ಯುರೇಟರ್ ಆಗಿದ್ದರು. ಇಂದು ಅವರ ಹೆಸರಿನ ಶೊಂಬರ್ಗ್ ಸೆಂಟರ್‌ನಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ.

ಒಂದು ಸೂಕ್ಷ್ಮ ಇಲ್ಲಿದೆ. ಈ ಸಂಗ್ರಹ ಈಗ ಸಾರ್ವಜನಿಕ ಲೈಬ್ರರಿಯ ಭಾಗ. ಹಾಗಾದರೆ ಇದನ್ನು ಸಮುದಾಯ ಆರ್ಕೈವ್ ಅನ್ನಬಹುದಾ? ತಜ್ಞರಲ್ಲಿ ಒಮ್ಮತ ಇಲ್ಲ. ನನಗೆ ಅನ್ನಿಸುವುದು, ಹುಟ್ಟಿದ ಬಗೆ ಸಮುದಾಯದ್ದು, ಉಳಿದುಕೊಂಡ ಬಗೆ ಸಂಸ್ಥೆಯದ್ದು. ಬಹಳಷ್ಟು ಆರ್ಕೈವ್‌ಗಳ ಕತೆ ಹೀಗೆಯೇ ಸಾಗುತ್ತದೆ.

ಕವಿತೆಯ ಪುಸ್ತಕ ಯಾವ ಕಪಾಟಿಗೆ?

ಕೂಡಿಸಿಟ್ಟರೆ ಮುಗಿಯಲಿಲ್ಲ. ಬೇಕಾದವರಿಗೆ ಸಿಗಬೇಕಲ್ಲ. ಪಾತ್ರೆ ಅಂಗಡಿಯಲ್ಲಿ ಲೋಟ ಎಲ್ಲಿ, ಬೋಗುಣಿ ಎಲ್ಲಿ ಅಂತ ಕ್ರಮ ಇರುವ ಹಾಗೆ ಲೈಬ್ರರಿಗಳಲ್ಲೂ ನಂಬರಿನ ಕ್ರಮ ಇರುತ್ತದೆ. ಡ್ಯೂಯಿ ಎಂಬ ಪದ್ಧತಿ ಅದರಲ್ಲಿ ಪ್ರಸಿದ್ಧ.

ಡೊರೊತಿ ಪೋರ್ಟರ್ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1930ರಿಂದ 1973ರವರೆಗೆ ಕಪ್ಪು ಜನರ ಸಂಗ್ರಹವನ್ನು ಕಟ್ಟಿದ ಲೈಬ್ರೇರಿಯನ್. ಅವರು ಬೇರೆ ಲೈಬ್ರರಿಗಳಲ್ಲಿ ವಿಚಾರಿಸಿದಾಗ ಒಂದು ವಿಚಿತ್ರ ಕಂಡಿತು. ಕಪ್ಪು ಲೇಖಕರು ಏನೇ ಬರೆದಿದ್ದರೂ ಪುಸ್ತಕ ಹೋಗುತ್ತಿದ್ದದ್ದು 325 ಅಥವಾ 326ಕ್ಕೆ. 325 ಅಂದರೆ ವಲಸೆ ಮತ್ತು ವಸಾಹತು, 326 ಅಂದರೆ ಗುಲಾಮಗಿರಿ. ಬರೆದವರು ಕಪ್ಪು ಕವಿಯಾಗಿದ್ದರೆ ಕವನ ಸಂಕಲನವೂ ಅಲ್ಲಿಗೇ! ಪೋರ್ಟರ್ ಇದನ್ನು ಒಪ್ಪಲಿಲ್ಲ. ಕವಿತೆಯನ್ನು ಕವಿತೆಯ ಜೊತೆಗೆ, ಸಂಗೀತವನ್ನು ಸಂಗೀತದ ಜೊತೆಗೆ ಇಟ್ಟು ತಮ್ಮಲ್ಲಿ ಕ್ರಮವನ್ನೇ ಬದಲಿಸಿದರು. ಸುಮ್ನೆ ನಂಬರಿನ ವಿಷಯ ಅಂತ ಕಾಣಬಹುದು. ಆದರೆ ಕವಿತೆಯ ಕಪಾಟಿನ ಮುಂದೆ ನಿಂತು ಹುಡುಕುವ ವಿದ್ಯಾರ್ಥಿಗೆ ಆ ಕವಿ ಇದ್ದಾನೆ ಅಂತಲೇ ಗೊತ್ತಾಗುತ್ತಿರಲಿಲ್ಲ ಅನ್ನುವುದನ್ನು ಯೋಚಿಸಿ.

ಬ್ರಿಕ್ಸ್‌ಟನ್: ಒಂದೇ ರಸ್ತೆಯ ಎರಡು ಬಾಗಿಲು

ಈಗ ಲಂಡನ್ನಿಗೆ ವಾಪಸ್ಸು ಬರೋಣ. 1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಶ್' ಎಂಬ ಹಡಗಿನಿಂದ ಟಿಲ್ಬರಿ ಬಂದರಿನಲ್ಲಿ ನೂರಾರು ಕೆರಿಬಿಯನ್ ಪ್ರಯಾಣಿಕರು ಇಳಿದರು. ಯುದ್ಧದಲ್ಲಿ ನುಜ್ಜಾಗಿದ್ದ ಬ್ರಿಟನ್ನಿಗೆ ಕೆಲಸದವರು ಬೇಕಿತ್ತು. ಇರಲು ಜಾಗ ಇಲ್ಲದ ಕೆಲವರಿಗೆ ಕ್ಲಾಪಮ್ ಸೌತ್‌ನಲ್ಲಿ ನೆಲದಡಿ ಕಟ್ಟಿದ್ದ ಬಾಂಬ್ ದಾಳಿಯ ಆಶ್ರಯತಾಣದಲ್ಲಿ ಮಲಗಲು ವ್ಯವಸ್ಥೆಯಾಯಿತು. ಅಲ್ಲಿಂದ ಹತ್ತಿರದ ಉದ್ಯೋಗ ವಿನಿಮಯ ಕಚೇರಿ ಇದ್ದದ್ದು ಬ್ರಿಕ್ಸ್‌ಟನ್ನಿನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿ. ಕೆಲಸ ಕೇಳಲು ಅಲ್ಲಿಗೆ ಹೋದವರು ಸುತ್ತಮುತ್ತ ಮನೆ ಹಿಡಿದರು. ಹಾಗೆ ಬ್ರಿಕ್ಸ್‌ಟನ್ ಅವರ ಊರಾಯಿತು.

ಅವರ ಮಕ್ಕಳು ಶಾಲೆಗೆ ಹೋದಾಗ ಹೊಸ ತೊಂದರೆ ಎದುರಾಯಿತು. ಕೆರಿಬಿಯನ್ ಮಕ್ಕಳಲ್ಲಿ ಬಹಳ ಮಂದಿಯನ್ನು ಕಲಿಕೆಯಲ್ಲಿ ಹಿಂದುಳಿದವರು ಅಂತ ಬೇರೆ ಶಾಲೆಗಳಿಗೆ ಹಾಕುತ್ತಿದ್ದರು. ಪಾಠದ ಪುಸ್ತಕದಲ್ಲಿ ತಮ್ಮಂಥ ಮುಖ ಕಾಣುತ್ತಿರಲಿಲ್ಲ. ಅಪ್ಪ ಅಮ್ಮಂದಿರು ಸೇರಿ ಶನಿವಾರದ ಶಾಲೆಗಳನ್ನು ಶುರುಮಾಡಿದರು. ಜಮೈಕಾದಲ್ಲಿ 1943ರಲ್ಲಿ ಹುಟ್ಟಿ, ಬಾಲಕನಾಗಿ ಲಂಡನ್ನಿಗೆ ಬಂದ ಲೆನ್ ಗ್ಯಾರಿಸನ್ ಇಂಥ ಮಕ್ಕಳಿಗಾಗಿ ಪಾಠದ ಸಾಮಗ್ರಿ ತಯಾರಿಸುತ್ತಿದ್ದರು. ಪಾಠ ಬರೆಯಬೇಕಾದರೆ ಮೂಲ ದಾಖಲೆ ಬೇಕು. ಅದು ಒಂದೆಡೆ ಎಲ್ಲೂ ಸಿಗುತ್ತಿರಲಿಲ್ಲ.

1981 ಬಹಳ ನೋವಿನ ವರ್ಷ. ಜನವರಿಯಲ್ಲಿ ನ್ಯೂ ಕ್ರಾಸ್‌ನ ಮನೆಯೊಂದರಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಯುವಾಗ ಬೆಂಕಿ ಬಿದ್ದು 13 ಕಪ್ಪು ಯುವಜನರು ಸತ್ತರು. ಸರ್ಕಾರ, ಪತ್ರಿಕೆಗಳು ತಮ್ಮ ದುಃಖಕ್ಕೆ ಸ್ಪಂದಿಸಲಿಲ್ಲ ಎಂದು ನೊಂದ ಜನ ಮಾರ್ಚ್ 2ರಂದು ಲಂಡನ್ನಿನಲ್ಲಿ ಮೆರವಣಿಗೆ ಹೊರಟರು. ಸುಮಾರು 20 ಸಾವಿರ ಜನ ಸೇರಿದ್ದರು. ಏಪ್ರಿಲ್‌ನಲ್ಲಿ ಪೊಲೀಸರ ನಡವಳಿಕೆಯ ವಿರುದ್ಧ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಅದೇ ವರ್ಷ ಗ್ಯಾರಿಸನ್ ಮತ್ತು ಜೊತೆಗಾರರು ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್‌ಗೆ ಅಡಿಪಾಯ ಹಾಕಿದರು. ಮೊದಲ ವರ್ಷಗಳಲ್ಲಿ ಅದು ಇದ್ದದ್ದು ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿ, 1948ರಲ್ಲಿ ಬಂದವರು ಕೆಲಸ ಕೇಳಿಕೊಂಡು ನಡೆದ ಅದೇ ರಸ್ತೆ.

ಸ್ವಂತ ಜಾಗ ಸಿಗಲು 33 ವರ್ಷ ಬೇಕಾಯಿತು. 2014ರ ಜುಲೈನಲ್ಲಿ ಬ್ರಿಕ್ಸ್‌ಟನ್ನಿನ ಹಳೆಯ ಕಟ್ಟಡವೊಂದನ್ನು ರಿಪೇರಿ ಮಾಡಿ ಆರ್ಕೈವ್ ತೆರೆಯಿತು. ವಿಳಾಸ, ನಂಬರ್ 1, ವಿಂಡ್‌ರಶ್ ಸ್ಕ್ವೇರ್. ಗ್ಯಾರಿಸನ್ ಅದನ್ನು ನೋಡಲಿಲ್ಲ, 2003ರಲ್ಲೇ ತೀರಿಕೊಂಡಿದ್ದರು.

ಒಳಗೆ ಏನಿದೆ ಅಂದರೆ ಪತ್ರಗಳು, ಪೋಸ್ಟರ್‌ಗಳು, ಸಂಘಗಳ ಸಭೆಯ ನಡಾವಳಿ, ಕರಪತ್ರ, ಫೋಟೊ, ಧ್ವನಿಮುದ್ರಣ. 1970, 80ರ ದಶಕದ ಕಪ್ಪು ಮಹಿಳೆಯರ ಚಳವಳಿಯಲ್ಲಿದ್ದ ಸ್ಟೆಲ್ಲಾ ಡಾಡ್ಜಿಯವರ ಕಾಗದಗಳು ಅಲ್ಲಿವೆ. ಆ ಚಳವಳಿಯ ಹೆಂಗಸರ ಬಾಯಿಂದಲೇ ಕೇಳಿ ಮುದ್ರಿಸಿಕೊಂಡ ನೆನಪುಗಳೂ ಇವೆ. ಮೀಟಿಂಗ್ ಇಷ್ಟು ಗಂಟೆಗೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆ ಅಂತ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದಂಥ ಚೀಟಿಯನ್ನು ಮರುದಿನ ಯಾರೂ ಇಟ್ಟುಕೊಳ್ಳುವುದಿಲ್ಲ. ಎಲ್ಲೋ ಒಬ್ಬರು ಇಟ್ಟುಕೊಂಡಿದ್ದರೆ, ಹೆಂಗಸರು ಆ ದಿನಗಳಲ್ಲಿ ಮನೆ ಮತ್ತು ಹೋರಾಟ ಎರಡನ್ನೂ ಹೇಗೆ ತೂಗಿಸಿದರು ಅಂತ ಇಂದು ತಿಳಿಯಲು ಅಷ್ಟೇ ಸಾಕು.

ಒಂದು ರಟ್ಟಿನ ಪೆಟ್ಟಿಗೆ ಬಂದಾಗ

ಯಾರೋ ಒಬ್ಬರು ತೀರಿಕೊಂಡ ತಾಯಿಯ ಕಾಗದಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಆರ್ಕೈವ್‌ಗೆ ತಂದರು ಅಂತ ಇಟ್ಟುಕೊಳ್ಳಿ. ಮೊದಲು ಕೂತು ಮಾತಾಡುತ್ತಾರೆ. ಇದು ದಾನವೋ, ಜೋಪಾನಕ್ಕೆ ಕೊಡುವುದೋ? ಯಾರು ನೋಡಬಹುದು? ಇನ್ನೊಬ್ಬರ ಕಾಯಿಲೆ, ಜಗಳ, ವಿಚ್ಛೇದನದ ವಿಷಯ ಇರುವ ಪತ್ರಗಳನ್ನು ಇಷ್ಟು ವರ್ಷ ತೆರೆಯಬಾರದು ಅಂತ ಷರತ್ತು ಹಾಕಬೇಕಾ? ಇದೆಲ್ಲ ಬರವಣಿಗೆಯಲ್ಲಿ ಆಗುತ್ತದೆ.

ಆಮೇಲೆ ಪೆಟ್ಟಿಗೆಗೆ ಒಂದು ನಂಬರ್ ಬೀಳುತ್ತದೆ. ಗೆದ್ದಲು, ಬೂಷ್ಟು ಇದೆಯಾ ಅಂತ ಬೇರೆ ಕೋಣೆಯಲ್ಲಿ ಇಟ್ಟು ನೋಡುತ್ತಾರೆ. ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರ್ ಬ್ಯಾಂಡ್ ತೆಗೆಯುತ್ತಾರೆ. ಸಾಮಾನ್ಯ ರಟ್ಟಿನಲ್ಲಿರುವ ಆಮ್ಲ ಕಾಗದವನ್ನು ಹಳದಿ ಮಾಡಿ ಪುಡಿಗಟ್ಟಿಸುತ್ತದೆ, ಹಾಗಾಗಿ ಆಮ್ಲ ಇಲ್ಲದ ಪೆಟ್ಟಿಗೆಗೆ ದಾಟಿಸುತ್ತಾರೆ. ಇಡುವ ಕೋಣೆ ತಂಪಾಗಿ, ತೇವ ಏರಿಳಿಯದ ಹಾಗೆ ಇರಬೇಕು. ತಾಯಿ ಜೋಡಿಸಿಟ್ಟಿದ್ದ ಕ್ರಮವನ್ನು ಆದಷ್ಟು ಕೆಡಿಸುವುದಿಲ್ಲ. ಬಾಡಿಗೆ ರಶೀದಿಯ ಪಕ್ಕದಲ್ಲೇ ಊರಿಗೆ ಕಳಿಸಿದ ಮನಿಯಾರ್ಡರ್ ಚೀಟಿ ಇದ್ದರೆ, ಹಾಗೆ ಜೊತೆಗಿಟ್ಟದ್ದರಲ್ಲೂ ಒಂದು ಸುದ್ದಿ ಇರುತ್ತದೆ.

ಫೋಟೊಗಳ ಕಷ್ಟ ಬೇರೆ. ಚಿತ್ರ ಚೆನ್ನಾಗಿರುತ್ತದೆ, ಹಿಂದೆ ಹೆಸರು ಬರೆದಿರುವುದಿಲ್ಲ. ಇಲ್ಲಿ ಸಮುದಾಯದ್ದೇ ಆರ್ಕೈವ್ ಆಗಿರುವುದರ ಲಾಭ ಕಾಣುತ್ತದೆ. ಕೇರಿಯ ಹಿರಿಯರನ್ನು ಕರೆದು ತೋರಿಸಿದರೆ ಈಕೆ ಇಂಥವರ ಮಗಳು, ನರ್ಸಾಗಿದ್ದಳು ಅಂತ ಹೇಳಿಬಿಡುತ್ತಾರೆ. ಬ್ರಿಕ್ಸ್‌ಟನ್ನಿನ ಆರ್ಕೈವ್ ಲಂಡನ್ನಿನ ದೊಡ್ಡ ಮ್ಯೂಸಿಯಂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಜೊತೆ ಸೇರಿ ಮಾಡಿದ ಒಂದು ಯೋಜನೆಯಲ್ಲಿ ಕೆಲಸ ಹಂಚಿಕೊಂಡದ್ದೂ ಹೀಗೇ. ಕಪ್ಪು ಬ್ರಿಟಿಷರ ಬದುಕಿನ ಫೋಟೊಗಳನ್ನು ಮ್ಯೂಸಿಯಂ ಕೊಂಡಿತು. ಫೋಟೊದಲ್ಲಿದ್ದವರ, ತೆಗೆದವರ ಮಾತುಗಳನ್ನು ಆರ್ಕೈವ್ ದಾಖಲಿಸಿತು.

ಬಾಯಿಮಾತಿನ ಇತಿಹಾಸಕ್ಕೂ ಇಲ್ಲಿ ಸರಿಸಮನಾದ ಜಾಗ ಇದೆ. ಪಶ್ಚಿಮ ಆಫ್ರಿಕಾದಲ್ಲಿ ಗ್ರಿಯೊ ಎಂಬ ಕುಲದವರು ವಂಶಾವಳಿಯನ್ನು ನೆನಪಿಟ್ಟು ಹಾಡುತ್ತಾರೆ. ನಮ್ಮಲ್ಲಿ ಹೆಳವರು ಮನೆ ಬಾಗಿಲಿಗೆ ಬಂದು ಏಳೆಂಟು ತಲೆಮಾರು ಒಪ್ಪಿಸುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಕಾಗದವೇ ಸಿಗದ ಜನರಿಗೆ ಹಿರಿಯರ ನೆನಪೇ ದಾಖಲೆ. ಆದರೆ ಕ್ಯಾಸೆಟ್ಟಿನ ಟೇಪು ಹಾಳಾಗುತ್ತದೆ, ನುಡಿಸುವ ಯಂತ್ರವೂ ಕಾಣೆಯಾಗುತ್ತಿದೆ. ಹಾಗಾಗಿ ಅವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಎಲ್ಲ ಕಡೆ ಅವಸರ.

ದುಡ್ಡಿನ ಮಾತು

ತಂಪು ಕೋಣೆ, ಪೆಟ್ಟಿಗೆ, ಸಂಬಳ ಯಾವುದೂ ಬಿಟ್ಟಿ ಬರುವುದಿಲ್ಲ. 2018ರಲ್ಲಿ ಬ್ರಿಕ್ಸ್‌ಟನ್ನಿನ ಆರ್ಕೈವ್ ಬಾಗಿಲು ಹಾಕುವ ಭಯದಲ್ಲಿ ಜನರ ಮುಂದೆ ಕೈಚಾಚಬೇಕಾಯಿತು. ಖಾಸಗಿ ಕೈಯಲ್ಲಿದ್ದರೂ ಅಪಾಯ ತಪ್ಪದು. ಅಮೆರಿಕದ 'ಎಬನಿ', 'ಜೆಟ್' ಪತ್ರಿಕೆಗಳನ್ನು ತರುತ್ತಿದ್ದ ಜಾನ್ಸನ್ ಕಂಪನಿ ದಿವಾಳಿಯಾದಾಗ ಅದರ 40 ಲಕ್ಷಕ್ಕೂ ಹೆಚ್ಚು ಫೋಟೊ, ನೆಗೆಟಿವ್‌ಗಳು 2019ರಲ್ಲಿ ಹರಾಜಿಗೆ ಬಂದವು. ನಾಲ್ಕು ದತ್ತಿ ಸಂಸ್ಥೆಗಳು ಸೇರಿ 3 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡವು. ಸರ್ಕಾರದ ನೆರಳಿನಲ್ಲಿದ್ದರೆ ಇನ್ನೊಂದು ಬಗೆಯ ಆತಂಕ. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರು ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು ಇತಿಹಾಸವನ್ನು ಹೇಳುವ ರೀತಿ ಸರಿಯಿಲ್ಲವೆಂದು ಆದೇಶ ಹೊರಡಿಸಿದರು. ಅದರಲ್ಲಿ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂ ಹೆಸರೂ ಇತ್ತು. ಈ ವಿಷಯ ಮತ್ತೆ ಸುದ್ದಿಗೆ ಬರಲು ಅದೂ ಒಂದು ಕಾರಣ.

ಬಿಜಾಪುರದಿಂದ ಯಲ್ಲಾಪುರದವರೆಗೆ

ಆಫ್ರಿಕಾದಿಂದ ಹೊರಟ ಹಡಗುಗಳೆಲ್ಲ ಅಟ್ಲಾಂಟಿಕ್ ಕಡೆಗೇ ಹೋಗಲಿಲ್ಲ. ಹಿಂದೂ ಮಹಾಸಾಗರ ದಾಟಿ ನಮ್ಮ ಕಡೆಗೂ ಬಂದವು. 2013ರಲ್ಲಿ ಹಾರ್ಲೆಮ್‌ನ ಶೊಂಬರ್ಗ್ ಸೆಂಟರ್ ಇದೇ ವಿಷಯದ ಮೇಲೆ, ಭಾರತಕ್ಕೆ ಬಂದ ಆಫ್ರಿಕನ್ನರ ಬಗ್ಗೆ ಒಂದು ಪ್ರದರ್ಶನ ಮಾಡಿತು. ಗುಲಾಮನಾಗಿ ಮಾರಾಟವಾಗಿ ಕೊನೆಗೆ ಅಹ್ಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಕತೆ ಈ ಚರಿತ್ರೆಯದೇ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಇಖ್ಲಾಸ್ ಖಾನ್ ಕೂಡ ಆಫ್ರಿಕಾ ಮೂಲದವರೇ. ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಜೊತೆ ಅವರು ಆನೆಯ ಮೇಲೆ ಕೂತಿರುವ ಚಿತ್ರ ಪ್ರಸಿದ್ಧ.

ದರ್ಬಾರಿನವರ ಚಿತ್ರ ಬರೆಯಲು ಕಲಾವಿದರಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಸಿದ್ದಿಗಳಿಗೆ ಯಾರಿದ್ದರು? ಅವರಲ್ಲಿ ಬಹಳ ಜನರ ಹಿರಿಯರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದವರು ಎಂದು ಹೇಳುತ್ತಾರೆ. ತಪ್ಪಿಸಿಕೊಂಡು ಬಂದವರು ಗುರುತು ಬಿಟ್ಟು ಬರುವುದಿಲ್ಲ. ಹಾಗಾಗಿ ಕಾಗದ ಕಡಿಮೆ. ಈ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇವು ಸರ್ಕಾರಿ ದಾಖಲೆಯಲ್ಲಿ ಇರುತ್ತವೆ. ಡಮಾಮಿ ವಾದ್ಯದ ಬಡಿತ, ಅದಕ್ಕೆ ಹಾಡುವ ಪದ, ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಒಂದಾಗಿ ಕೂಡುವ ಹಬ್ಬದ ವಿವರ ಅಲ್ಲಿ ಸಿಗುವುದಿಲ್ಲ.

ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ದೂರದ ಊರುಗಳ ಪ್ರದರ್ಶನಗಳನ್ನೂ ಮುಟ್ಟಿದೆ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಹೊರಗಿನ ಅಂಚಿನಿಂದ ಶುರುಮಾಡಿ ನಡುವಿಗೆ ಬರುವ ಹಾಗೆ ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಕೂರಿಸುತ್ತಾರೆ. ಅವನ್ನು 'ಫೂಲ' ಅನ್ನುತ್ತಾರೆ, ಅಂದರೆ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಅನ್ನುವುದು ಅವರ ಮಾತು. ಇಂಥ ಒಂದು ಕೌದಿ ಆರ್ಕೈವ್‌ಗೆ ಬಂದರೆ ಅದರ ಜೊತೆಗೆ ಬರೆದಿಡಬೇಕಾದದ್ದು ಹೆಚ್ಚೇನಿಲ್ಲ. ಹೊಲಿದವರ ಹೆಸರು, ಊರು. ಯಾವ ಮೊಮ್ಮಗುವಿಗೆ ಹೊಲಿದದ್ದು. ಕೆಂಪು ತುಂಡು ಯಾರ ಸೀರೆಯದು, ನೀಲಿ ತುಂಡು ಯಾರ ಅಂಗಿಯದು. ಹೊಲಿದ ಅಜ್ಜಿಯ ಪಕ್ಕದಲ್ಲಿ ಕೂತು ಕೇಳಿದರೆ ಒಂದೊಂದು ತುಂಡನ್ನೂ ಮುಟ್ಟಿ ಹೇಳುತ್ತಾರೆ.